ಮನೆಮಾತು ಒಂದೇ ಅಂತ ಯಾರು ಹೇಳಿದ್ರು?

ಫಾರ್ಮ್ ಮಾಡುವುದು ನಮಗೆ ನೀರು ಕುಡಿದಷ್ಟು ಸುಲಭ. ಫೆಸ್ಟಿಗೊಂದು ಫಾರ್ಮ್, ಟೀ ಶರ್ಟಿನ ಸೈಜಿಗೊಂದು ಫಾರ್ಮ್, ಫೈನಲ್ ಇಯರ್ ಪ್ರಾಜೆಕ್ಟಿನ ಸರ್ವೆಗೆ ಮತ್ತೊಂದು. ಅದರಲ್ಲಿ 'ಮನೆಮಾತು ಯಾವುದು?' ಅನ್ನೋ ಪ್ರಶ್ನೆ ಬಂದರೆ ಹೆಚ್ಚು ಯೋಚಿಸದೆ ರೇಡಿಯೋ ಬಟನ್ ಹಾಕಿಬಿಡ್ತೇವೆ. ಕನ್ನಡ, ಕೊಂಕಣಿ, ಉರ್ದು, ಇತರೆ. ಒಂದನ್ನು ಒತ್ತಿದರೆ ಇನ್ನೊಂದು ತಾನಾಗಿಯೇ ಆರಿಹೋಗುತ್ತದೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಲ್ಲಿ ಒಂದು ಭಾಷೆ ಶುರುವಾದ ಕೂಡಲೇ ಇನ್ನೊಂದು ಆರಿಹೋಗುವುದಿಲ್ಲ. ಒಂದೇ ಜಗುಲಿಯಲ್ಲಿ ಮೂರು ಭಾಷೆ ಓಡಾಡುತ್ತಿರುತ್ತವೆ.

ಬರೀ ಫಾರ್ಮಿನ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಮಕ್ಕಳು ಮಾತು ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ಸಂಶೋಧನೆಯಲ್ಲಿ ಈ ಗುಂಡಿಯೇ ಬಾಗಿಲು. 'ನಮ್ಮ ಮಗುವನ್ನು ಕರ್ಕೊಂಡು ಬರ್ತೇವೆ' ಎಂದು ತಾವಾಗಿ ಮುಂದೆ ಬಂದ ಕುಟುಂಬವನ್ನು ಒಳಗೆ ಕರೆಯಬೇಕೋ, ವಾಪಸ್ ಕಳಿಸಬೇಕೋ ಅನ್ನೋದು ಇಲ್ಲೇ ತೀರ್ಮಾನವಾಗುತ್ತದೆ. ಮಕ್ಕಳ ಧ್ವನಿ ಗುರುತಿಸುವ ಸಾಫ್ಟ್‌ವೇರ್, ಓದು ಕಲಿಸುವ ಆ್ಯಪ್, ಮಾತು ತಡವಾಗಿದೆಯೇ ಎಂದು ಹೇಳುವ ಮಾಡೆಲ್, ಇಂಥವೆಲ್ಲ ಈಗ ಎಂಜಿನಿಯರಿಂಗ್ ಪ್ರಾಜೆಕ್ಟ್‌ಗಳ ಪಟ್ಟಿಗೆ ಬರುತ್ತಿವೆ. ಅಂದರೆ ಆ ಬಾಗಿಲು ಮಾಡುವ ಬಡಗಿಗಳು ನಾವೇ. ಹಾಗಾಗಿ ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೇವೆ. ನಮ್ಮ ಕರಾವಳಿಯಲ್ಲಿ ಮಕ್ಕಳ ಮಾತಿನ ಸಂಶೋಧನೆ ನಡೆಯಲೇಬೇಕು. ಆದರೆ ಬಂದವರನ್ನು ಗೇಟಿನಲ್ಲೇ ಜರಡಿ ಹಿಡಿಯುವ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ. ಜರಡಿ ಹಿಡಿಯುವುದಿದ್ದರೆ ಆಮೇಲೆ, ಡೇಟಾಬೇಸಿನ ಕ್ವೆರಿಯಲ್ಲಿ ಹಿಡಿಯೋಣ.

ಮೂರು ಮಕ್ಕಳಿಂದ ಶುರುವಾದದ್ದು

1960ರ ದಶಕದಲ್ಲಿ ಹಾರ್ವರ್ಡಿನ ರೋಜರ್ ಬ್ರೌನ್ ಮತ್ತು ಅವರ ತಂಡದವರು ಮೂರು ಮಕ್ಕಳ ಮಾತನ್ನು ಅವರವರ ಮನೆಗೇ ಹೋಗಿ ರೆಕಾರ್ಡ್ ಮಾಡಿಕೊಂಡರು. ಆಡಂ, ಈವ್, ಸಾರಾ ಎಂದು ಆ ಮಕ್ಕಳಿಗೆ ಹೆಸರಿಟ್ಟರು. 1973ರಲ್ಲಿ ಬಂದ ಬ್ರೌನ್ ಅವರ 'ಎ ಫಸ್ಟ್ ಲ್ಯಾಂಗ್ವೇಜ್' ಪುಸ್ತಕ ನಿಂತಿರುವುದು ಈ ಮೂವರ ಮಾತಿನ ಮೇಲೆ. ಇಂದಿಗೂ ಈ ಕ್ಷೇತ್ರಕ್ಕೆ ಬರುವವರು ಅದನ್ನು ದಾಟಿಯೇ ಹೋಗಬೇಕು. ಸುಮಾರು ಮೂವತ್ತು ಮಕ್ಕಳನ್ನು ನೋಡಿ ಈ ಮೂವರನ್ನು ಆರಿಸಿದ್ದಕ್ಕೆ ಮುಖ್ಯ ಕಾರಣಗಳು ಸರಳ: ಅವರು ಆಗಷ್ಟೇ ಪದಕ್ಕೆ ಪದ ಜೋಡಿಸಲು ಶುರುಮಾಡಿದ್ದರು, ಮಾತು ಸ್ಪಷ್ಟವಾಗಿತ್ತು, ಜೊತೆಗೆ ವಾಚಾಳಿಗಳಾಗಿದ್ದರು. ಟೇಪು ಕೇಳಿ ಬರೆದುಕೊಳ್ಳುವವರಿಗೆ ಅನುಕೂಲವೇ. ಆದರೆ ನಾಚುವ ಮಗು, ತೊದಲುವ ಮಗು, ಹೊಸಬರು ಬಂದರೆ ತಾಯಿಯ ಸೆರಗಿನ ಹಿಂದೆ ಅಡಗುವ ಮಗು ಅಂದೇ ಹೊರಗುಳಿಯಿತು.

1984ರಲ್ಲಿ ಬ್ರಯಾನ್ ಮ್ಯಾಕ್‌ವಿನಿ ಮತ್ತು ಕ್ಯಾಥರೀನ್ ಸ್ನೋ ಸೇರಿ 'ಚೈಲ್ಡ್ಸ್' ಎಂಬ ಭಂಡಾರ ಶುರುಮಾಡಿದರು. ಬೇರೆ ಬೇರೆ ಭಾಷೆಗಳ ಮಕ್ಕಳ ಮಾತಿನ ಲಿಪ್ಯಂತರಗಳನ್ನು ಒಂದೇ ಮಾದರಿಯಲ್ಲಿ ಬರೆದು ಎಲ್ಲರಿಗೂ ಸಿಗುವಂತೆ ಮಾಡಿದ ಕೆಲಸ ಅದು. ಓಪನ್ ಸೋರ್ಸ್ ಎಂಬ ಮಾತು ಚಾಲ್ತಿಗೆ ಬರುವ ಮೊದಲೇ ಅದೇ ಮನಸ್ಸಿನಿಂದ ಕಟ್ಟಿದ್ದು. ಅಷ್ಟಾದರೂ ಲೆಕ್ಕ ಇನ್ನೂ ಸರಿಹೋಗಿಲ್ಲ. ಇವಾನ್ ಕಿಡ್ ಮತ್ತು ರೊವೆನಾ ಗಾರ್ಸಿಯಾ 2022ರಲ್ಲಿ ಈ ಕ್ಷೇತ್ರದ ನಾಲ್ಕು ಮುಖ್ಯ ಪತ್ರಿಕೆಗಳ ನಾಲ್ಕೂವರೆ ದಶಕದ ಲೇಖನಗಳನ್ನು ಎಣಿಸಿದರು. ಒಂದೇ ಒಂದು ಲೇಖನವಾದರೂ ಬಂದಿರುವ ಭಾಷೆಗಳು ಸುಮಾರು 103. ಜಗತ್ತಿನ ಭಾಷೆಗಳಲ್ಲಿ ಇದು ಸುಮಾರು 1.5 ಪರ್ಸೆಂಟ್. ಅದರಲ್ಲೂ ಸಿಂಹಪಾಲು ಇಂಗ್ಲಿಷಿನದು. 'ಮಕ್ಕಳು ಮಾತು ಹೀಗೆ ಕಲೀತಾರೆ' ಎಂದು ನಾವು ಓದುವ ವಾಕ್ಯದ ಹಿಂದೆ ಇರುವ ಮಕ್ಕಳು ಇಷ್ಟೇ.

ಹಾಗಂತ ಕನ್ನಡದ ಮಕ್ಕಳು ಈ ವಿಜ್ಞಾನಕ್ಕೆ ಏನೂ ಕೊಟ್ಟಿಲ್ಲ ಅಂದುಕೊಳ್ಳಬೇಡಿ. ಓಡು ಎಂಬುದಕ್ಕೆ 'ಇಸು' ಸೇರಿಸಿದರೆ ಓಡಿಸು, ಏರು ಇದ್ದದ್ದು ಏರಿಸು. ಒಬ್ಬರು ಇನ್ನೊಬ್ಬರಿಂದ ಕೆಲಸ ಮಾಡಿಸಿದರು ಎಂಬುದನ್ನು ಕನ್ನಡ ಕ್ರಿಯಾಪದದ ಮೇಲೆಯೇ ಬರೆದು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಇಂಥ ಸುಲಭದ ಪ್ರತ್ಯಯ ಇಲ್ಲ. ಹಾಗಾದರೆ ಹೊಸ ವಾಕ್ಯದ ಅರ್ಥ ಹಿಡಿಯಲು ಮಗು ಯಾವುದನ್ನು ನಂಬುತ್ತದೆ: ಈ ಪ್ರತ್ಯಯವನ್ನೋ, ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಎಂಬುದನ್ನೋ? ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ ಮೂರು ವರ್ಷದ ಕನ್ನಡ ಮಕ್ಕಳಿಗೆ ವಾಕ್ಯ ಹೇಳಿ, ಆಟಿಕೆಗಳಲ್ಲಿ ಅದನ್ನು ಆಡಿ ತೋರಿಸಲು ಹೇಳಿದರು. ಮಕ್ಕಳು ಹೆಚ್ಚಾಗಿ ನೆಚ್ಚಿಕೊಂಡದ್ದು ನಾಮಪದಗಳ ಎಣಿಕೆಯನ್ನು. 2003ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಭಾಷಾವಿಜ್ಞಾನದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಇಂಗ್ಲಿಷ್ ಮಕ್ಕಳನ್ನು ಮಾತ್ರ ಕೂರಿಸಿಕೊಂಡಿದ್ದರೆ ಈ ಪ್ರಶ್ನೆ ಕೇಳುವುದಕ್ಕೇ ಆಗುತ್ತಿರಲಿಲ್ಲ. ಆ ಮಕ್ಕಳನ್ನು ಕಳಿಸಿಕೊಟ್ಟ ತಂದೆತಾಯಿಯ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅವರು ಬಂದಿದ್ದರಿಂದಲೇ ಇದು ಆಯಿತು.

ನಮ್ಮೂರಿಗೆ ಈ ಜರಡಿ ತಂದರೆ

ಇಂಥ ಅಧ್ಯಯನಗಳ ಸ್ಕ್ರೀನಿಂಗ್ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ಮಗು ದಿನ ತುಂಬಿ ಹುಟ್ಟಿದೆಯೇ, ಅಂದರೆ 37 ವಾರ ಆಗಿತ್ತೇ? ಕಿವಿ ಸರಿಯಾಗಿ ಕೇಳುತ್ತದೆಯೇ? ಬೆಳವಣಿಗೆಯಲ್ಲಿ ಏನಾದರೂ ತೊಂದರೆ ಇದೆಯೇ? ಕೊನೆಗೆ, ಮನೆಯಲ್ಲಿ ಒಂದೇ ಭಾಷೆ ಆಡುತ್ತೀರಾ? ಎಷ್ಟೋ ಕಡೆ ಮಗು ಕೇಳುವ ಮಾತಿನಲ್ಲಿ ಎಂಬತ್ತು, ತೊಂಬತ್ತು ಪರ್ಸೆಂಟ್ ಒಂದೇ ಭಾಷೆಯದಾಗಿರಬೇಕು ಅಂತ ಷರತ್ತು.

ಈಗ ಭಟ್ಕಳದ ಒಂದು ಮಗುವನ್ನು ಊಹಿಸಿಕೊಳ್ಳೋಣ. ಎರಡೂವರೆ ವರ್ಷ, ದಿನಕ್ಕೆ ಹನ್ನೆರಡು ಗಂಟೆ ಎಚ್ಚರ. ತಾಯಿ, ಅಜ್ಜಿ, ದುಬೈಯಿಂದ ವಿಡಿಯೋ ಕಾಲ್ ಮಾಡುವ ಅಪ್ಪ, ಎಲ್ಲ ಸೇರಿ ಏಳು ಗಂಟೆ ನವಾಯತಿ. ಅಂಗನವಾಡಿ, ಪಕ್ಕದ ಮನೆ, ಅಂಗಡಿ ಸೇರಿ ಎರಡೂವರೆ ಗಂಟೆ ಕನ್ನಡ. ನೆಂಟರಿಷ್ಟರ ಜೊತೆ ಒಂದೂವರೆ ಗಂಟೆ ಉರ್ದು. ಮೊಬೈಲಿನಲ್ಲಿ ಒಂದು ಗಂಟೆ ಹಿಂದಿ ಕಾರ್ಟೂನ್. ಏಳನ್ನು ಹನ್ನೆರಡರಿಂದ ಭಾಗಿಸಿ. 58 ಪರ್ಸೆಂಟ್. ಎಂಬತ್ತರ ಗೆರೆ ದಾಟಲಿಲ್ಲ, ಮಗು ಔಟ್. ಅದರ ಪಕ್ಕದ ಮನೆಯ ಮಗುವೂ ಔಟ್. ಆಮೇಲೆ 'ಭಟ್ಕಳದಲ್ಲಿ ಅರ್ಹ ಮಕ್ಕಳು ಸಿಗಲಿಲ್ಲ' ಎಂದು ರಿಪೋರ್ಟಿನಲ್ಲಿ ಬರೆಯುತ್ತಾರೆ. ನವಾಯತಿ ಕೊಂಕಣಿಯ ಬಳಗದ ಮಾತು, ಅರಬ್ಬಿ ಪಾರಸಿ ಶಬ್ದಗಳನ್ನು ಒಳಗೆ ಕರೆದುಕೊಂಡದ್ದು, ಅರಬ್ಬಿ ಪಾರಸಿ ಲಿಪಿಯಲ್ಲಿ ಬರೆಯುವಂಥದ್ದು. ಅದನ್ನು ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ತಿಳಿಯಬೇಕಾದರೆ ಹೋಗಬೇಕಾದ ಊರು ಭಟ್ಕಳ. ಆ ಊರಿನವರನ್ನೇ ಜರಡಿ ಕೆಳಗೆ ಬೀಳಿಸುತ್ತದೆ.

ಹೊನ್ನಾವರಕ್ಕೆ ಬಂದರೆ ತೊಂದರೆ ಬೇರೆ ಥರದ್ದು. ಇಲ್ಲಿ ಹವ್ಯಕರ ಮನೆಯವರೂ ಫಾರ್ಮಿನಲ್ಲಿ 'ಕನ್ನಡ' ಅಂತಲೇ ಒತ್ತುತ್ತಾರೆ, ಹಾಲಕ್ಕಿ ಒಕ್ಕಲಿಗರೂ 'ಕನ್ನಡ' ಅಂತಲೇ ಒತ್ತುತ್ತಾರೆ. ಜರಡಿ ಅವರನ್ನು ಖುಷಿಯಿಂದ ಒಳಗೆ ಬಿಡುತ್ತದೆ. ಒಳಗೆ ಕಾದಿರುವುದು ಪಠ್ಯಪುಸ್ತಕದ ಕನ್ನಡದಲ್ಲಿ ಮಾಡಿದ ಪರೀಕ್ಷೆ. ಹವಿಗನ್ನಡದಲ್ಲಿ ಹೆಂಗಸರಿಗೂ 'ಅದು' ಅನ್ನುವುದೇ ವ್ಯಾಕರಣ. ಹಾಗಾಗಿ ಮಗು 'ಆಯಿ ಬಂತು' ಅನ್ನುತ್ತದೆ. ಅಮ್ಮ ಬಂದಳು ಎಂದು ಹೇಳಬೇಕಿತ್ತು, ಲಿಂಗ ತಪ್ಪಿದೆ ಎಂದು ಪರೀಕ್ಷಕರು ಅಂಕ ಕಳೆಯುತ್ತಾರೆ. ಮಗು ತನ್ನ ಮನೆಯ ವ್ಯಾಕರಣವನ್ನು ಚೂರೂ ತಪ್ಪಿಲ್ಲದೆ ಕಲಿತಿದೆ. ಆದರೂ ಹಾಳೆಯ ಮೇಲೆ ಅದು 'ಭಾಷಾ ಬೆಳವಣಿಗೆ ನಿಧಾನ' ಆಗಿಬಿಡುತ್ತದೆ. ಹಾಲಕ್ಕಿ ಕನ್ನಡವನ್ನು ಪ್ರತ್ಯೇಕ ಉಪಭಾಷೆ ಎಂದು ವಿವರಿಸಿ ಎ.ಎಸ್. ಆಚಾರ್ಯ ಅವರು ಬರೆದ ಗ್ರಂಥ ಪುಣೆಯ ಡೆಕ್ಕನ್ ಕಾಲೇಜಿನಿಂದ 1967ರಲ್ಲೇ ಬಂದಿದೆ. ಆದರೂ ನಮ್ಮ ಡ್ರಾಪ್‌ಡೌನ್ ಪಟ್ಟಿಗಳಲ್ಲಿ ಹಾಲಕ್ಕಿಗೆ ಜಾಗ ಇಲ್ಲ.

ಕುಮಟಾದ ಕಥೆ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಗೋಕರ್ಣದ ಗೌರೀಶ ಕಾಯ್ಕಿಣಿ ಅವರ ಮನೆಮಾತು ಕೊಂಕಣಿ, ಬರೆದದ್ದು ಬಹುಪಾಲು ಕನ್ನಡ. ಅದೇ ಮನೆಯ ಜಯಂತ ಕಾಯ್ಕಿಣಿ ಇಂದು ಕನ್ನಡದ ಪ್ರಿಯ ಕಥೆಗಾರ, ನಮ್ಮ ಪ್ಲೇಲಿಸ್ಟಿನ ಅರ್ಧ ಹಾಡುಗಳ ಕವಿ. ಪಕ್ಕದ ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರ ಮನೆಮಾತೂ ಕೊಂಕಣಿಯೇ. ಮನೆಯೊಳಗೆ ಒಂದು, ಹೊಸಿಲು ದಾಟಿದರೆ ಇನ್ನೊಂದು ಭಾಷೆ ಎಂಬುದು ನಮ್ಮ ಕಡೆ ಸಹಜ ಬಾಲ್ಯ. 'ಒಂದೇ ಭಾಷೆಯ ಮಕ್ಕಳು ಮಾತ್ರ' ಎಂಬ ಷರತ್ತು ಇಂಥ ಮಕ್ಕಳನ್ನೆಲ್ಲ ಗೊಂದಲದ ಡೇಟಾ ಎಂದು ಪಕ್ಕಕ್ಕಿಡುತ್ತದೆ.

ಎರಡು ಭಾಷೆ ಕೇಳಿದರೆ ಮಗುವಿಗೆ ಮಾತು ತಡವಾಗುತ್ತದೆ ಎಂಬ ಹೆದರಿಕೆ ಮನೆಗಳಲ್ಲೂ ಇದೆ, ಕೆಲವು ಶಾಲೆಗಳಲ್ಲೂ ಇದೆ. 1993ರಲ್ಲಿ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು ಅಮೆರಿಕದ ಮಯಾಮಿಯಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಕಲಿಯುವ ಪುಟ್ಟ ಮಕ್ಕಳ ಶಬ್ದಭಂಡಾರ ಎಣಿಸಿದರು. ಒಂದೇ ಭಾಷೆಯದನ್ನು ಎಣಿಸಿದರೆ ಕಡಿಮೆ ಕಾಣಬಹುದು. ಎರಡನ್ನೂ ಕೂಡಿಸಿದರೆ ಏಕಭಾಷಾ ಮಕ್ಕಳಿಗೆ ಸರಿಸಮ. ಕೂಡಿಸುವ ಮೊದಲೇ ಜರಡಿ ಹಿಡಿದರೆ ಈ ಲೆಕ್ಕ ಸಿಗುವುದಿಲ್ಲ.

ಗೇಟಿನಲ್ಲಿ ಬೇಡ, ಕ್ವೆರಿಯಲ್ಲಿ

ಕರಾವಳಿಯಲ್ಲಿ ಒಂದು ಮನೆಯ ಸುದ್ದಿ ಸಂಜೆಯೊಳಗೆ ಮೀನು ಮಾರ್ಕೆಟ್ಟಿಗೆ ಮುಟ್ಟಿರುತ್ತದೆ. 'ನಿಮ್ಮ ಮಗು ನಮ್ಮ ಅಧ್ಯಯನಕ್ಕೆ ಅರ್ಹವಲ್ಲ' ಎಂದು ನಾವು ಇಮೇಲಿನ ಭಾಷೆಯಲ್ಲಿ ಹೇಳಿದ್ದು, ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ 'ಕಾಲೇಜಿನವ್ರು ಹುಡುಗನ್ನ ನೋಡಿ ಬೇಡ ಅಂದ್ರಂತೆ' ಎಂದಾಗುತ್ತದೆ. ಅದರ ಭಾರ ಬೀಳುವುದು ತಾಯಿಯ ಮೇಲೆ. ಬಸುರಿಯಲ್ಲಿ ಏನು ತಿಂದಳು, ಮೊಬೈಲ್ ಯಾಕೆ ಕೊಟ್ಟಳು, ಮಗುವಿನ ಜೊತೆ ಮಾತಾಡಲಿಲ್ಲವೇ ಎಂಬ ಪ್ರಶ್ನೆಗಳು ಅವಳಿಗೇ. ಸಹಾಯ ಮಾಡಲು ಬಂದವಳನ್ನು ತಪ್ಪಿತಸ್ಥೆ ಮಾಡಿ ಕಳಿಸಿದಂತಾಯಿತು. ಮರುದಿನ ಆ ಕೇರಿಯಿಂದ ಇನ್ನೊಬ್ಬರು ಬರುವುದಿಲ್ಲ.

ಇದಕ್ಕೆ ನಮ್ಮ ಪರಿಹಾರ ಎಂಜಿನಿಯರಿಂಗಿನದೇ. ಬಂದವರನ್ನೆಲ್ಲ ದಾಖಲಿಸೋಣ. ಯಾರ ಜೊತೆ ಯಾವ ಭಾಷೆ, ದಿನಕ್ಕೆ ಎಷ್ಟು ಹೊತ್ತು ಎಂದು ಒಂದು ಕೋಷ್ಟಕ ತುಂಬಿಸೋಣ. ಒಂದೇ ಭಾಷೆಯ ಮಕ್ಕಳು ಬೇಕಾದ ಸಂಶೋಧಕರು ಆಮೇಲೆ ಕ್ವೆರಿ ಬರೆದು ಅವರನ್ನು ತೆಗೆದುಕೊಳ್ಳಲಿ. ಎರಡು, ಮೂರು ಭಾಷೆಯ ಮಕ್ಕಳ ಮೇಲೆ ಕೆಲಸ ಮಾಡುವವರು ಅವರನ್ನು ತೆಗೆದುಕೊಳ್ಳಲಿ. ಗೇಟಿನಲ್ಲಿ ವಾಪಸ್ ಕಳಿಸಿದ ಮಗುವನ್ನು ಯಾವ ಕ್ವೆರಿಯೂ ಮತ್ತೆ ತರುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಅವು ಹುರುಳಿಲ್ಲದವೇನಲ್ಲ. ಮೊದಲನೆಯದು: ಪ್ರಯೋಗ ಅಂದರೆ ಒಂದು ಅಂಶ ಬಿಟ್ಟು ಉಳಿದದ್ದೆಲ್ಲ ಒಂದೇ ಥರ ಇರಬೇಕು, ಎಲ್ಲರನ್ನೂ ಸೇರಿಸಿದರೆ ಫಲಿತಾಂಶ ಕಲಸುಮೇಲೋಗರ. ಒಪ್ಪುತ್ತೇವೆ. ಅಂಥ ಪ್ರಯೋಗಕ್ಕೆ ಮನೆಯವರು ರಿಕ್ಷಾ ಹತ್ತುವ ಮೊದಲೇ ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿ ಸ್ಪಷ್ಟವಾಗಿ ಹೇಳಬೇಕು: 'ಅಕ್ಕಾ, ಈ ಸಲದ ಆಟ ಬರೀ ಕನ್ನಡ ಆಡುವ ಮಕ್ಕಳಿಗೆ. ನಿಮ್ಮಲ್ಲಿ ಕೊಂಕಣಿಯೂ ಇದೆಯಲ್ಲ, ಅದಕ್ಕೆ ಬೇರೆ ಆಟ ಇದೆ, ಬರ್ತೀರಾ?' ಕೊರತೆ ಇರುವುದು ಆಟದಲ್ಲಿ, ಮಗುವಿನಲ್ಲಿ ಅಲ್ಲ ಎಂದು ಆ ಮಾತಿನಲ್ಲೇ ಗೊತ್ತಾಗಬೇಕು. ಎರಡನೆಯ ಆಕ್ಷೇಪ: ಬಳಸದ ಡೇಟಾವನ್ನು ಸುಮ್ಮನೆ ಯಾಕೆ ಕೂಡಿಹಾಕಬೇಕು? ಇದೂ ಸರಿಯೇ. ಅದಕ್ಕೇ ನಾವು ಕೇಳುವುದು ಭಾಷೆಯ ಕೋಷ್ಟಕ, ವಯಸ್ಸು, ಕಿವಿ ಮತ್ತು ಹುಟ್ಟಿನ ವಿವರ, ಸಂಪರ್ಕಕ್ಕೊಂದು ನಂಬರ್. ಆಧಾರ್ ಬೇಡ, ಜಾತಿ ಬೇಡ, ಅಪ್ಪನ ಸಂಬಳ ಬೇಡ. ಯಾವ ಪ್ರಶ್ನೆ ಯಾಕೆ ಎಂದು ಒಂದು ಸಾಲಿನಲ್ಲಿ ಹೇಳಲು ಬಾರದಿದ್ದರೆ ಆ ಪ್ರಶ್ನೆ ಅಳಿಸಬೇಕು.

ಕಿವಿಯ ಮಾತು

ಎಲ್ಲ ಜರಡಿಯೂ ಬೇಡ ಅಂತಲ್ಲ. ಕೆಲವನ್ನು ಬಿಡಲೇಬಾರದು. ಮಗುವಿಗೆ ಕಿವಿ ಕೇಳುತ್ತದೆಯೇ ಎಂದು ನೋಡುವುದು ಅದರಲ್ಲಿ ಮೊದಲನೆಯದು. ಹುಟ್ಟಿದ ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಪತ್ತೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬ 1-3-6 ಸೂತ್ರವನ್ನು ಶ್ರವಣ ತಜ್ಞರು ಹೇಳುತ್ತಾ ಬಂದಿದ್ದಾರೆ. ಮಾತು ಕಲಿಯುವ ವಯಸ್ಸು ಕಾಯುವುದಿಲ್ಲ. ಕೇಳದ ಮಗುವನ್ನು 'ಮಾತು ತಡ, ಅಪ್ಪನೂ ಹಾಗೇ ಇದ್ದ' ಎಂದು ಬಿಟ್ಟರೆ ವರ್ಷಗಳೇ ಹೋಗುತ್ತವೆ.

ಸಂಶೋಧನೆಗೆ ಬಂದ ಮಗುವಿನ ಕಿವಿಯಲ್ಲಿ ಅನುಮಾನ ಕಂಡರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಇಲ್ಲದ ತಂಡ ಆ ಕಿವಿಯನ್ನು ಮುಟ್ಟಲೇಬಾರದು. 'ಹೊರಗಿಡಲಾಗಿದೆ' ಎಂದು ಶೀಟಿನಲ್ಲಿ ಕೆಂಪು ಬಣ್ಣ ಹಾಕಿ ಮುಂದಿನ ಮಗುವನ್ನು ಕರೆಯುವುದು ಅನ್ಯಾಯ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತವೆ. ಕಿವುಡು, ಮಾತು ತಡ ಎರಡೂ ಅದರ ಪಟ್ಟಿಯಲ್ಲಿವೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಭಟ್ಕಳದಿಂದ ಜಿಲ್ಲಾ ಕೇಂದ್ರ ಕಾರವಾರವೇ ನೂರು ಕಿಲೋಮೀಟರಿಗಿಂತ ದೂರ, ಮೈಸೂರಂತೂ ಇನ್ನೆಷ್ಟೋ ದೂರ. ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು ಎಂದು ಹೊರಡುವ ಜಿಲ್ಲೆ ನಮ್ಮದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ವರ್ಷಗಳಿಂದ ಕೇಳುತ್ತಿದೆ. ಇಂಥಲ್ಲಿ ಚೀಟಿ ಬರೆದುಕೊಟ್ಟರೆ ಸಾಲದು. ಯಾವ ಆಸ್ಪತ್ರೆ, ಯಾವ ವಾರ, ಯಾರನ್ನು ಕೇಳಬೇಕು ಎಂದು ಹೇಳಬೇಕು, ತಿಂಗಳ ನಂತರ ಫೋನ್ ಮಾಡಿ ಹೋದಿರಾ ಎಂದು ವಿಚಾರಿಸಬೇಕು.

ಕೇಳುವ ರೀತಿಯೂ ಮುಖ್ಯ. 'ಸಂಬಂಧದಲ್ಲೇ ಮದುವೆಯೇ?' ಎಂಬ ಪ್ರಶ್ನೆ ಶ್ರವಣದೋಷದ ದೃಷ್ಟಿಯಿಂದ ಅಗತ್ಯ. ಅತ್ತೆ ಮಾವ ಕೂತಿರುವಾಗ, ಕಾರಣ ಹೇಳದೆ ಕೇಳಿದರೆ ಅದು ಅವಮಾನ. ತಾಯಿ ಕಾರ್ಡ್ ತೋರಿಸಿ ಎಂದರೆ ತೂಕ, ವಾರ ಅದರಲ್ಲೇ ಸಿಗುತ್ತದೆ. ಸಿಕ್ಕಿದ್ದನ್ನು ಮತ್ತೆ ಕೇಳಿ ಪೀಡಿಸಬಾರದು.

ಬಂದವರು ಯಾರು, ಬಾರದವರು ಯಾರು

ಸ್ವಯಂಪ್ರೇರಣೆಯಿಂದ ಬರುವವರನ್ನು ಮಾತ್ರ ಕಾಯುತ್ತಾ ಕೂತರೆ ಬರುವವರು ಮೇಷ್ಟ್ರ ಮನೆಯವರು, ಬ್ಯಾಂಕಿನವರು, ಡಾಕ್ಟರ ಮನೆಯವರು. ಭಾನುವಾರ ಬಿಡುವಿದೆ, ಬೈಕಿದೆ, ಕಾಲೇಜಿನ ಗೇಟು ದಾಟಲು ಅಂಜಿಕೆ ಇಲ್ಲ. ಅಮೆರಿಕದಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ 42 ಕುಟುಂಬಗಳನ್ನು ಅಧ್ಯಯನ ಮಾಡಿ, ಬಡವರ ಮಕ್ಕಳು ನಾಲ್ಕು ವರ್ಷದೊಳಗೆ ಮೂರು ಕೋಟಿ ಮಾತು ಕಡಿಮೆ ಕೇಳಿರುತ್ತಾರೆ ಎಂದು 1995ರಲ್ಲಿ ಬರೆದರು. ಅದು ಸರ್ಕಾರಿ ನೀತಿಗಳವರೆಗೂ ಹೋಯಿತು. ಆ 42ರಲ್ಲಿ ಸರ್ಕಾರದ ನೆರವಿನ ಮೇಲೆ ಬದುಕುತ್ತಿದ್ದ ಕುಟುಂಬಗಳು ಬರೀ ಆರು. ಡಗ್ಲಸ್ ಸ್ಪೆರಿ ಮತ್ತು ಸಂಗಡಿಗರು ಮುಂದೆ ಬೇರೆ ಸಮುದಾಯಗಳಲ್ಲಿ, ಮನೆಯ ಉಳಿದವರ ಮಾತು, ಮಗುವಿನ ಸುತ್ತ ನಡೆಯುವ ಮಾತು ಎಲ್ಲವನ್ನೂ ಎಣಿಸಿದಾಗ ಆ ಅಂತರದ ಚಿತ್ರ ಬದಲಾಯಿತು. ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆಯ ಅಣ್ಣಂದಿರ ನಡುವೆ ಬೆಳೆಯುವ ನಮ್ಮೂರ ಮಗುವಿನ ಮಾತನ್ನು ಅಳೆಯಲು ತಾಯಿಯ ಬಾಯಿಗೆ ಮಾತ್ರ ಮೈಕ್ ಹಿಡಿದರೆ ಆಗುವುದೂ ಇದೇ.

ಹಾಗಾಗಿ ಸ್ವಾಗತ ಅನ್ನೋದನ್ನು ಬ್ಯಾನರು, ಗುಲಾಬಿ ಹೂವಿನ ಲೆಕ್ಕದಲ್ಲಿ ನೋಡಬಾರದು. ಅದು ಸಮಯ ಮತ್ತು ಜಾಗದ ಲೆಕ್ಕ. ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಖಾರ್ವಿಕೇರಿಯ ಅಪ್ಪಂದಿರು ಮನೆಯಲ್ಲಿ ಸಿಗುವುದು ಹೆಚ್ಚಾಗಿ ಆಗಲೇ. ನಮ್ಮ ಸೆಮಿಸ್ಟರ್ ಕ್ಯಾಲೆಂಡರ್ ನೋಡಿ ಸೆಪ್ಟೆಂಬರಿನಲ್ಲಿ ಕರೆದರೆ ಅವರು ಕಡಲಿನಲ್ಲಿರುತ್ತಾರೆ. ಮೀನು ಮಾರುವ ತಾಯಿಗೆ ಬೆಳಗ್ಗೆ ಹತ್ತು ಗಂಟೆಯ ಸ್ಲಾಟ್ ಕೊಟ್ಟರೆ ಒಂದು ದಿನದ ವ್ಯಾಪಾರ ಹೋಯಿತು. ಹೋಗಿಬರುವ ಖರ್ಚು ಕೊಡಬೇಕು, ಅದನ್ನು ಬಹುಮಾನ ಎಂದು ಕರೆಯದೆ ಖರ್ಚು ಎಂದೇ ಕರೆದು ಕೊಡಬೇಕು. ಜೊತೆಗೆ ಬಂದ ಅಕ್ಕ ತಮ್ಮಂದಿರಿಗೂ ಕೂರಲು ಚಾಪೆ, ಆಡಲು ಏನಾದರೂ ಇರಬೇಕು. ಎಲ್ಲಕ್ಕಿಂತ ಒಳ್ಳೆಯದು ನಾವೇ ಅವರ ಕಡೆಗೆ ಹೋಗುವುದು.

ಹೋಗುವಾಗ ಒಂದು ನೆನಪಿರಲಿ. ನಮ್ಮ ಕಡೆ 'ಸರ್ವೆ' ಎಂಬ ಶಬ್ದಕ್ಕೆ ಹಳೆಯ ಗಾಯ ಇದೆ. ಹೊನ್ನಾವರದ ಕಾಸರಕೋಡು ಟೊಂಕಾದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಫೈಲು, ಟ್ಯಾಬ್ಲೆಟ್ ಹಿಡಿದು ಬಂದವರನ್ನು ಕಂಡರೆ ಮನೆ ಹೋಗುತ್ತದೋ ಎಂಬ ಭಯ ಅಲ್ಲಿದೆ. ಭಟ್ಕಳದಲ್ಲಿ ಹೆಸರು, ಫೋನ್ ನಂಬರ್, ಧ್ವನಿ ರೆಕಾರ್ಡಿಂಗ್ ಎಂದರೆ ಜನ ಎರಡು ಸಲ ಯೋಚಿಸುತ್ತಾರೆ. ಊರಿನ ಹೆಸರು ಟೀವಿಯಲ್ಲಿ ಯಾವ ರೀತಿ ಬರುತ್ತದೆ ಎಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಈ ಅನುಮಾನವನ್ನು 'ಅರಿವಿನ ಕೊರತೆ' ಎಂದು ವರದಿಯಲ್ಲಿ ಬರೆಯುವ ಬದಲು ಅದಕ್ಕೆ ಉತ್ತರ ಕೊಡಬೇಕು. ಧ್ವನಿ ಎಲ್ಲಿ ಇಡ್ತೀರಿ, ಯಾರು ಕೇಳ್ತಾರೆ, ಕಂಪನಿಗೆ ಮಾರ್ತೀರಾ, ಅಳಿಸಿ ಅಂದರೆ ಅಳಿಸ್ತೀರಾ? ಕೇಳುವ ಹಕ್ಕು ಅವರಿಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು. ಸಂಶೋಧನೆಗೆ ಕೆಲವು ವಿನಾಯಿತಿ ಇದೆ ಎಂಬುದನ್ನು ಹಿಡಿದುಕೊಂಡು ನುಣುಚಿಕೊಳ್ಳುವುದು ನಮ್ಮ ಮರ್ಯಾದೆಗೆ ತಕ್ಕದ್ದಲ್ಲ.

ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹೋದರೆ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಸುಲಭ ಹೌದು, ಅಪಾಯವೂ ಅಲ್ಲೇ ಇದೆ. ಮೊಟ್ಟೆ, ಪೌಷ್ಟಿಕ ಆಹಾರ ಕೊಡುವ ಕೈಯೇ 'ಇಲ್ಲಿ ಸಹಿ ಹಾಕಿ' ಎಂದರೆ ಬೇಡ ಅನ್ನಲು ತಾಯಿಗೆ ಧೈರ್ಯ ಎಲ್ಲಿಂದ ಬರಬೇಕು? ಅವರು ಪರಿಚಯ ಮಾಡಿಸಲಿ. ಒಪ್ಪಿಗೆ ಕೇಳುವುದು ನಾವು, ಬೇರೆ ದಿನ, ಅವರಿಲ್ಲದಾಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಅದಕ್ಕಿಂತ ಚಿಕ್ಕ ಮಗು ಸಹಿ ಹಾಕುವುದಿಲ್ಲ ನಿಜ. ಬಾಗಿಲ ಕಡೆ ಕೈ ತೋರಿಸಿ ಅಳುತ್ತದೆ. ಅದೂ ಒಂದು ಉತ್ತರವೇ, ರೆಕಾರ್ಡಿಂಗ್ ಅಲ್ಲಿಗೆ ನಿಲ್ಲಬೇಕು.

ನಮ್ಮ ಕೈಯಲ್ಲಿ ಇರುವುದು

ಇದೆಲ್ಲ ದೊಡ್ಡ ಸಂಸ್ಥೆಗಳ ಕೆಲಸ, ನಾವೇನು ಮಾಡಲಾದೀತು ಅನ್ನಿಸಬಹುದು. ನಮ್ಮ ಕೈಯಲ್ಲೂ ಕೆಲವು ಇವೆ. ಮುಂದಿನ ಪ್ರಾಜೆಕ್ಟಿನ ಫಾರ್ಮಿನಲ್ಲಿ ಮನೆಮಾತಿಗೆ ರೇಡಿಯೋ ಬಟನ್ ತೆಗೆದು ಕೋಷ್ಟಕ ಹಾಕೋಣ: ಯಾರು, ಯಾವ ಭಾಷೆ, ಎಷ್ಟು ಹೊತ್ತು. ಪಟ್ಟಿಯಲ್ಲಿ ನವಾಯತಿ, ಹಾಲಕ್ಕಿ, ಹವಿಗನ್ನಡ, ಖಾರ್ವಿ ಕೊಂಕಣಿ ಎಂದು ಹೆಸರು ಹಿಡಿದು ಬರೆಯೋಣ, 'ಇತರೆ' ಎಂಬ ಮೂಲೆಗೆ ತಳ್ಳುವುದು ಬೇಡ. ಒಪ್ಪಿಗೆ ಪತ್ರವನ್ನು ಆಡುಮಾತಿನಲ್ಲಿ ಬರೆದು, ಓದಲು ಬಾರದವರಿಗೆ ಅವರದೇ ಭಾಷೆಯ ಗೆಳೆಯರಿಂದ ಓದಿಸೋಣ. ನಮ್ಮ ಕ್ಲಾಸಿನಲ್ಲೇ ಈ ಎಲ್ಲ ಭಾಷೆಯವರೂ ಇದ್ದೇವೆ. ಇಷ್ಟು ಅನುಕೂಲ ಬೆಂಗಳೂರಿನ ಎಷ್ಟೋ ಲ್ಯಾಬ್‌ಗಳಿಗೂ ಇಲ್ಲ. ಮಗುವಿನ ಮಾತಿಗೆ ಅಂಕ ಹಾಕುವ ಮುನ್ನ ಅದೇ ಮನೆಮಾತಿನವರೊಬ್ಬರಿಗೆ ತೋರಿಸಿ, ಇದು ತಪ್ಪೋ, ನಿಮ್ಮ ಕಡೆಯ ರೂಢಿಯೋ ಎಂದು ಕೇಳೋಣ. ಮಾಡೆಲ್ ತರಬೇತಿಗೆ ಮೊದಲು ಮಾಡಬೇಕಾದ ಟೆಸ್ಟಿಂಗ್ ಇದು.

ಕೊನೆಗೆ, ಸಿಕ್ಕಿದ್ದನ್ನು ಹಿಂತಿರುಗಿಸೋಣ. ಹತ್ತಿಪ್ಪತ್ತು ಮನೆಯವರು ಮಧ್ಯಾಹ್ನದ ನಿದ್ದೆ ಬಿಟ್ಟು ಬಂದು ಕೊಟ್ಟ ಮಾತು ನಮ್ಮ ಪಿಪಿಟಿಯಲ್ಲಿ ಒಂದು ಬಾರ್ ಗ್ರಾಫ್ ಆಗಿ ಮುಗಿಯಬಾರದು. ಏನು ಕಂಡಿತು ಎಂದು ಒಂದು ಪುಟ ಬರೆದು ಅವರ ಕೇರಿಗೇ ಹೋಗಿ ಓದಿ ಹೇಳಬೇಕು. ಎರಡು ಭಾಷೆಯಿಂದ ಮಗುವಿನ ಮಾತು ಕೆಟ್ಟಿಲ್ಲ ಎಂಬ ಒಂದು ವಾಕ್ಯವನ್ನು ಒಬ್ಬ ಅಜ್ಜಿ ಕೇಳಿಸಿಕೊಂಡು, ಮೊಮ್ಮಗನ ಜೊತೆ ತನ್ನ ಭಾಷೆಯಲ್ಲೇ ಮಾತಾಡುತ್ತಾ ಹೋದರೆ ಈ ಸಂಶೋಧನೆಯಿಂದ ನಮ್ಮೂರಿಗೆ ಮೊದಲ ಲಾಭ ಆದಂತೆ.

ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು 'ಆಸರಿಗೆ ಎಂತ ಬೇಕು?' ಎಂದು ಕೇಳಿ, ಬೆಲ್ಲ ನೀರು ಕೊಟ್ಟು, ಆಮೇಲೆ ಬಂದ ಕೆಲಸ ವಿಚಾರಿಸುತ್ತಾರೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಲ್ಯಾಬಿಗೆ ಬರುವವರಿಗೂ ಅದೇ ಕ್ರಮ ಸಾಕು. ಮೊದಲು ನೀರು, ಆಮೇಲೆ ಫಾರ್ಮ್.